ಒಪೇರಾ ಹೌಸಿನ ಭಾನುವಾರದ ಬೆಳಗು ನಮಗೂ ಸಿಗಲಿ

ಮಹಾರಾಷ್ಟ್ರ ಸರ್ಕಾರದ ಸಾಂಸ್ಕೃತಿಕ ಖಾತೆಯವರಿಗೆ, ಮುಂಬೈ ಮಹಾನಗರ ಪಾಲಿಕೆಯವರಿಗೆ, ಜೊತೆಗೆ ಈ ಊರಿನ ಕನ್ನಡ, ತುಳು, ಕೊಂಕಣಿ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಗಿರ್ಗಾಂವಿನ ಹಳೆಯ ನಾಟಕಮಂದಿರ ರಾಯಲ್ ಒಪೇರಾ ಹೌಸ್ ತಿಂಗಳಿಗೆ ಒಂದೆರಡು ಭಾನುವಾರದ ಬೆಳಿಗ್ಗೆಯಾದರೂ ಈ ಊರಿನ ಎಲ್ಲಾ ಭಾಷೆಯ ಹವ್ಯಾಸಿ ನಾಟಕ ತಂಡಗಳಿಗೆ ಸಿಗಬೇಕು, ನಮ್ಮ ಕೈಗೆಟಕುವ ಬಾಡಿಗೆಗೆ. ಉಳಿದ ಬಾಡಿಗೆಯನ್ನು ಸರ್ಕಾರವೋ ಪಾಲಿಕೆಯೋ ತುಂಬಿಕೊಡಬೇಕು. ಬೇಡಿಕೆ ಇಷ್ಟೇ. ಇದರ ಮರಾಠಿ ಪ್ರತಿಯನ್ನು ಬೇರೆಯಾಗಿ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಯಾಕೆಂದರೆ, ಇದನ್ನು ಕೇಳಿದ ಕೂಡಲೇ ಮೊದಲು ನಗುವವರು ನಮ್ಮವರೇ. "ಒಪೇರಾ ಹೌಸಿಗೂ ನಮಗೂ ಎಂಥ ಸಂಬಂಧ ಮಾರಾಯ, ಅದು ದೊಡ್ಡವರ ಜಾಗ" ಎಂದು ಈಗಾಗಲೇ ನಮ್ಮ ತಂಡದಲ್ಲೇ ಇಬ್ಬರು ಹೇಳಿ ಆಗಿದೆ.

ಸಂಬಂಧ ಇದೆ. ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಪೇರಾ ಹೌಸ್ ಅಂದರೆ ಇವತ್ತು ಅದೊಂದು ಪೇಟೆಯ ಹೆಸರು. ವಜ್ರದ ವ್ಯಾಪಾರ ಬಾಂದ್ರಾ-ಕುರ್ಲಾ ಕಡೆಗೆ ಹೋಗುವ ಮೊದಲು ಅದರ ದೊಡ್ಡ ಪಾಲು ಇಲ್ಲೇ ಇತ್ತು. ಊರ ಹೊರಗಿನ ಎಷ್ಟೋ ಜನ ಈ ಹೆಸರು ಕೇಳಿದ್ದೇ 2011ರ ಜುಲೈ 13ರ ಬಾಂಬ್ ಸ್ಫೋಟದ ಸುದ್ದಿಯಲ್ಲಿ. ಆದರೆ ಆ ಹೆಸರು ಕೊಟ್ಟ ಕಟ್ಟಡ ಚರ್ನಿರೋಡ್ ಸ್ಟೇಷನ್ನಿನಿಂದ ನಡೆದುಹೋಗುವ ದೂರದಲ್ಲಿ, ಮ್ಯಾಥ್ಯೂ ರೋಡಿನಲ್ಲಿ, ಇನ್ನೂ ಗಟ್ಟಿಯಾಗಿ ನಿಂತಿದೆ. ದಿನಾ ಅದರ ಮುಂದೆ ನಡೆದುಹೋಗುವ ನಮ್ಮ ಜನರಿಗೆ ಅದರ ಒಳಗೆ ಏನಿದೆ ಎಂದು ಗೊತ್ತಿಲ್ಲ. ಅವರನ್ನು ದೂರುವುದಿಲ್ಲ. ಕೂತು ನೋಡುವಂಥ ನಮ್ಮದೇನೂ ಅಲ್ಲಿ ನಡೆದಿಲ್ಲ ಅಲ್ವಾ.

ಇದನ್ನು ಕಟ್ಟಲು ಹೊರಟವರು ಇಬ್ಬರು. ಒಬ್ಬ ಮಾರಿಸ್ ಬ್ಯಾಂಡ್‌ಮನ್, ಕಲ್ಕತ್ತಾದಲ್ಲಿ ನೆಲೆ ಮಾಡಿಕೊಂಡು ಪೂರ್ವದೇಶಗಳ ಉದ್ದಕ್ಕೂ ಇಂಗ್ಲಿಷ್ ನಾಟಕ ಕಂಪನಿಗಳನ್ನು ತಿರುಗಿಸುತ್ತಿದ್ದವನು. ಇನ್ನೊಬ್ಬರು ಜೆಹಾಂಗೀರ್ ಫ್ರಾಮ್‌ಜಿ ಕರಾಕಾ, ಕಲ್ಲಿದ್ದಲ ವ್ಯಾಪಾರದಲ್ಲಿ ದುಡ್ಡು ಮಾಡಿದ ಪಾರ್ಸಿ. 1908ರ ಹೊತ್ತಿಗೆ ಯೋಚನೆ ಹುಟ್ಟಿತು. 1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದಾಗ ಇನ್ನೂ ಕೆಲಸ ಮುಗಿದಿರಲಿಲ್ಲ. 1912ರಲ್ಲಿ ಕಟ್ಟಡ ಪೂರ್ತಿಯಾಯಿತು, ಆಮೇಲೂ ಅಲ್ಲಿ ಇಲ್ಲಿ ಸೇರಿಸುತ್ತಾ ಹೋದರು. ಅರ್ಧ ಕಟ್ಟಿದ್ದನ್ನು ದೊಡ್ಡವರ ಕೈಯಲ್ಲಿ ಉದ್ಘಾಟನೆ ಮಾಡಿಸುವ ಪದ್ಧತಿ ನಮ್ಮ ಕಾಲದ್ದು ಅಂದುಕೊಂಡವರು ಗಮನಿಸಿ.

ಒಳಗೆ ಹೋದರೆ ಮೊದಲು ಕಣ್ಣು ಹೋಗುವುದು ಮೇಲಕ್ಕೆ. ಗುಮ್ಮಟವನ್ನು ಎಂಟು ಭಾಗ ಮಾಡಿ ಕವಿಗಳಿಗೆ, ನಾಟಕಕಾರರಿಗೆ ಗೌರವ ಸಲ್ಲಿಸಿದ್ದಾರೆ. ಬಾಗಿಲ ಬಳಿಯ ಹಾಲಿನಲ್ಲಿ ತೂಗುವ ದೀಪಗುಚ್ಛಗಳು ಸಸೂನ್ ಮನೆತನ ಕೊಟ್ಟದ್ದು, ಬೈಕಲಾದಲ್ಲಿದ್ದ ಅವರ 'ಸಾನ್ ಸೂಸಿ' ಬಂಗಲೆಯಿಂದ ಬಂದವು. ಆ ಬಂಗಲೆ ಈಗ ಮಸೀನಾ ಆಸ್ಪತ್ರೆ. ಎರಡು ಬದಿಗೆ ಬೇರೆಯಾಗಿ ಕೂರುವ ಗೂಡಿನಂಥ ಬಾಕ್ಸುಗಳು, ಕೆಳಗೆ ನೆಲಮಟ್ಟದ ಸೀಟುಗಳ ಸ್ಟಾಲ್, ಮೇಲೆ ಬಾಲ್ಕನಿ. ಬಣ್ಣ, ಚಿನ್ನದ ಗೆರೆ, ಗಾರೆಯ ಹೂಬಳ್ಳಿ ಎಲ್ಲವೂ ಸ್ವಲ್ಪ ಜಾಸ್ತಿಯೇ. ನನಗೆ ವೈಯಕ್ತಿಕವಾಗಿ ಅಷ್ಟೊಂದು ಬಂಗಾರದ ಬಣ್ಣ ಹಿಡಿಸುವುದಿಲ್ಲ. ಆದರೆ ನಾಟಕದವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಇದು ಮೈಕ್ ಬರುವ ಮೊದಲು ಕಟ್ಟಿದ ಜಾಗ. ಮೈಕ್ ಇಲ್ಲದೆ ನಟನ ಮಾತು ಕೊನೇ ಸಾಲಿನ ಅಗ್ಗದ ಸೀಟಿಗೆ ಮುಟ್ಟಬೇಕು ಎಂಬ ಲೆಕ್ಕದಲ್ಲೇ ಗೋಡೆ, ಮಾಡು, ಬಾಲ್ಕನಿ ಎದ್ದಿವೆ. ಕಾಲರ್ ಮೈಕ್ ಕೈಕೊಟ್ಟು, ಅರ್ಧ ನಾಟಕ ಸ್ಪೀಕರಿನ ಗೊರಗೊರದಲ್ಲಿ ಮುಳುಗಿಹೋದ ಅನುಭವ ಇದ್ದವರಿಗೆ ಇದರ ಬೆಲೆ ಗೊತ್ತು.

ಈಗ ನಮ್ಮ ಸಂಬಂಧಕ್ಕೆ ಬರುತ್ತೇನೆ. ಅದಕ್ಕೆ ಕಟ್ಟಡಕ್ಕಿಂತ ಎಪ್ಪತ್ತು ವರ್ಷ ಹಿಂದೆ ಹೋಗಬೇಕು.

1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಭಾಗವತರ ಮೇಳ ಸಾಂಗ್ಲಿಗೆ ಹೋಯಿತು. ಸಾಂಗ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಆಟ ನೋಡಿದರು. ಮರಾಠಿಯಲ್ಲೂ ಇಂಥದ್ದೊಂದು ಆಗಬೇಕು ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ಭಾವೆಯವರ 'ಸೀತಾ ಸ್ವಯಂವರ' ಆಯಿತು. ಆ ದಿನವನ್ನೇ ಮಹಾರಾಷ್ಟ್ರದಲ್ಲಿ ಇವತ್ತಿಗೂ ಮರಾಠಿ ರಂಗಭೂಮಿ ದಿನ ಎಂದು ಆಚರಿಸುತ್ತಾರೆ. ಇದು ನಮ್ಮ ಕಡೆಯವರು ಹೆಮ್ಮೆಗೆ ಕಟ್ಟಿದ ಕತೆಯಲ್ಲ, ಮರಾಠಿ ರಂಗಭೂಮಿಯ ಇತಿಹಾಸ ಬರೆದವರೇ ಬರೆದಿಟ್ಟದ್ದು. ಭಾವೆಯವರ ಆಟದ ರೀತಿ ಓದಿದರೆ ಯಕ್ಷಗಾನ ನೋಡಿ ಬೆಳೆದವನಿಗೆ ಬೇರೆ ಸಾಕ್ಷಿಯೇ ಬೇಡ. ಗಣಪತಿ ಬರುತ್ತಾನೆ, ಸರಸ್ವತಿ ಬರುತ್ತಾಳೆ, ವಿದೂಷಕ ಇದ್ದಾನೆ, ರಾಕ್ಷಸರು ಅಬ್ಬರಿಸುತ್ತಾ ಬರುತ್ತಾರೆ. ಸೂತ್ರಧಾರ ಪದ ಹಾಡುತ್ತಾನೆ, ಪಾತ್ರಧಾರಿ ಮಾತನ್ನು ತಾನೇ ಆಗಿಂದಾಗ ಕಟ್ಟಿ ಆಡುತ್ತಾನೆ. ಸೂತ್ರಧಾರನ ಜಾಗದಲ್ಲಿ ಭಾಗವತರನ್ನು ಕೂರಿಸಿ ನೋಡಿ, ಸಾಕು.

ಹತ್ತು ವರ್ಷ ಕಳೆದು 1853ರಲ್ಲಿ ಅದೇ ಭಾವೆಯವರು ಮುಂಬೈಗೆ ಬಂದು ಗ್ರ್ಯಾಂಟ್ ರೋಡಿನ ಥಿಯೇಟರಿನಲ್ಲಿ ಆಟ ಆಡಿದರು. ಆ ಥಿಯೇಟರಿನದ್ದೂ ಒಂದು ಕತೆ. ಮೊದಲು ಇಂಗ್ಲಿಷರಿಗೆ ಕೋಟೆಯೊಳಗೆ, ಈಗಿನ ಹಾರ್ನಿಮನ್ ಸರ್ಕಲ್ ಇರುವ ಕಡೆ, 1776ರಿಂದ ಒಂದು ನಾಟಕಶಾಲೆ ಇತ್ತು. ಸಾಲ ಹೆಚ್ಚಾಗಿ 1835ರಲ್ಲಿ ಅದನ್ನು ಮಾರಿದರು. ಆಮೇಲೆ ಜಗನ್ನಾಥ ಶಂಕರಶೇಟರು ಗ್ರ್ಯಾಂಟ್ ರೋಡಿನಲ್ಲಿ ಜಾಗ ಕೊಟ್ಟು, 1846ರಲ್ಲಿ ಹೊಸದು ಶುರುವಾಯಿತು. ಕೋಟೆಯ ಸಾಹೇಬರಿಗೆ ಅದು ದೂರ, ಅಲ್ಲಿನ ಗಲ್ಲಿಗಳ ಸಹವಾಸವೂ ಬೇಡ. ಅವರು ಬರುವುದು ಕಮ್ಮಿಯಾಯಿತು. ಜಾಗ ಖಾಲಿ ಬಿದ್ದದ್ದೇ ತಡ, ನಮ್ಮ ಜನ ನುಗ್ಗಿದರು. ಭಾವೆ ಬಂದ ಅದೇ 1853ರಲ್ಲಿ ಪಾರ್ಸಿಗಳ ತಂಡವೂ ಅಲ್ಲೇ ನಾಟಕ ಆಡಿತು. ಪಾರ್ಸಿ ರಂಗಭೂಮಿ, ಅದರಿಂದ ಕಂಪನಿ ನಾಟಕ, ಅದರಿಂದ ಹಿಂದಿ ಸಿನಿಮಾದ ಹಾಡು-ಕುಣಿತದವರೆಗೆ ಎಷ್ಟೋ ಸಂಗತಿಗಳಿಗೆ ಗ್ರ್ಯಾಂಟ್ ರೋಡ್, ಗಿರ್ಗಾಂವ್ ಸುತ್ತಲಿನ ಈ ಒಂದೆರಡು ಮೈಲಿಯ ಋಣ ಇದೆ.

ಅತ್ತ ಸಾಂಗ್ಲಿ ಕಡೆಯ ಮರಾಠಿ ತಂಡಗಳು ಕನ್ನಡದ ಊರುಗಳಿಗೆ ಬಂದು ಆಟ ಆಡಿ ದುಡ್ಡು, ಹೆಸರು ಎರಡೂ ಮಾಡತೊಡಗಿದವು. ಅದನ್ನು ನೋಡಿ ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡದ್ದೇ ನಾಟಕ ಮಂಡಳಿ ಕಟ್ಟಿದರು. ಕರ್ಕಿಯಿಂದ ಹೊರಟದ್ದು ಸಾಂಗ್ಲಿ ಸುತ್ತಿ ಗದಗಿಗೆ ವಾಪಸ್ಸು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಪುಣೆಯಲ್ಲಿ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಹುಟ್ಟೂರು ಯಾವುದು? ಗುರ್ಲಹೊಸೂರು, ನಮ್ಮ ಬೆಳಗಾವಿ ಜಿಲ್ಲೆ. ಅವರ ಕಂಪನಿಯಲ್ಲೇ ಬೆಳೆದ ಗಾಯಕ-ನಟ ಬಾಲಗಂಧರ್ವರು ಈ ಒಪೇರಾ ಹೌಸಿನಲ್ಲಿ ಹಾಡಿದವರು. ಮುಂದೆ ಅವರ ಜೊತೆ ರಂಗದಲ್ಲೂ ಬಾಳಿನಲ್ಲೂ ನಿಂತ ಗೋಹರ್‌ಬಾಯಿ ಬೀಳಗಿಯವರು. ಅವರ ತಂಗಿ ಅಮೀರ್‌ಬಾಯಿ ಇದೇ ಮುಂಬೈಯಲ್ಲಿ ಸಿನಿಮಾ ಹಾಡುಗಾರ್ತಿಯಾಗಿ ಹೆಸರು ಮಾಡಿದರು. ಇಬ್ಬರೂ ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಅಂತ ಹಚ್ಚಿಕೊಂಡೇ ಇದ್ದರು. ಈಗ ಯಾರಾದರೂ ಎಂಥ ಸಂಬಂಧ ಅಂತ ಕೇಳಲಿ.

ಇದನ್ನೆಲ್ಲ ಹೇಳಿದ್ದು ಹಕ್ಕು ಸ್ಥಾಪಿಸಲಿಕ್ಕಲ್ಲ. ಮರಾಠಿಯವರ ಮನೆಯಲ್ಲಿ ಕೂತು ನಾವೇ ನಿಮಗೆ ನಾಟಕ ಕಲಿಸಿದೆವು ಎಂದು ಎದೆ ತಟ್ಟಿಕೊಳ್ಳುವಷ್ಟು ಬುದ್ಧಿಗೇಡಿ ನಾನಲ್ಲ. ಈ ಊರಿನ ರಂಗಭೂಮಿ ಒಂದೇ ಭಾಷೆಯವರು ಕಟ್ಟಿದ್ದಲ್ಲ, ಯಾವ ಕಟ್ಟಡವೂ ಒಂದೇ ಥರದ ಪ್ರೇಕ್ಷಕರಿಂದ ಉಳಿದಿಲ್ಲ ಅಂತ ಅಷ್ಟೇ. ಒಪೇರಾ ಹೌಸನ್ನೇ ತೆಗೆದುಕೊಳ್ಳಿ. ಒಪೇರಾಕ್ಕೆ, ಅಂದರೆ ಪಾಶ್ಚಾತ್ಯರ ಹಾಡುನಾಟಕಕ್ಕೆ ಅಂತ ಕಟ್ಟಿದರು. ಆ ಒಪೇರಾವನ್ನೇ ನಂಬಿಕೊಂಡಿದ್ದರೆ ಎಂದೋ ಗೋದಾಮಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ನಾಟಕದ ನಡುನಡುವೆ ಸಿನಿಮಾ ತೋರಿಸತೊಡಗಿದರು, 1935ರಲ್ಲಿ ಐಡಿಯಲ್ ಪಿಕ್ಚರ್ಸ್‌ನವರು ತೆಗೆದುಕೊಂಡು ಪೂರ್ತಿ ಸಿನಿಮಾ ಥಿಯೇಟರ್ ಮಾಡಿದರು. 1952ರಲ್ಲಿ ಗುಜರಾತಿನ ಗೊಂಡಲ್ ರಾಜಮನೆತನದ ಕೈಗೆ ಬಂತು. ಇವತ್ತಿಗೂ ಅವರದ್ದೇ.

ನಮ್ಮ ದೊಡ್ಡಪ್ಪ ಗಿರ್ಗಾಂವಿನ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸಿ, ಆಮೇಲೆ ಗಲ್ಲಾದಲ್ಲಿ ಕೂತವರು. ರಾತ್ರಿ ಶಾಲೆಗೆ ಹೋಗುತ್ತಿದ್ದರು, ರಜೆಯ ದಿನ ಒಪೇರಾ ಹೌಸಿಗೆ. ಸಿನಿಮಾದ ಕತೆ ಅವರಿಗೆ ಒಂದೂ ನೆನಪಿರಲಿಲ್ಲ. ಮುಂದಿನ ಸಾಲಿನ ಬೆಂಚಿನಿಂದ ಕುತ್ತಿಗೆ ಎತ್ತಿದರೆ ಕಾಣುತ್ತಿದ್ದ ಮಾಡಿನ ಚಿತ್ತಾರ, ಇಂಟರ್‌ವಲ್‌ನಲ್ಲಿ ಬಾಲ್ಕನಿಯಿಂದ ಇಳಿದು ಬರುವ ಸೂಟು-ಸೀರೆಯವರು, ಒಳಗಿನ ತಂಪು, ಇದನ್ನೇ ಹೇಳುತ್ತಿದ್ದರು. ಊರಿಂದ ಯಾರಾದರೂ ಬಂದರೆ ಗೇಟ್‌ವೇ, ಮಹಾಲಕ್ಷ್ಮಿ ತೋರಿಸಿ, ಮೂರನೆಯದಾಗಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಚಾಳಿನ ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಹುಡುಗರು ಅಂಥ ಮಾಡಿನ ಕೆಳಗೆ ಮೂರು ಗಂಟೆ ಕೂರಬಹುದಿತ್ತು, ಅದೂ ಚಿಲ್ಲರೆ ದುಡ್ಡಿಗೆ. ಆ ಚಿಲ್ಲರೆಯೂ ಈ ಕಟ್ಟಡವನ್ನು ಸಾಕಿದೆ ಎಂದು ನನ್ನ ಅಭಿಪ್ರಾಯ.

ಇನ್ನು ಬೆಳಗಿನ ಹೊತ್ತು ಯಾಕೆ ಕೇಳುತ್ತಿದ್ದೇನೆ ಅಂದರೆ, ಅದು ನನ್ನ ತಲೆಯಿಂದ ಬಂದದ್ದಲ್ಲ. ಪೃಥ್ವಿರಾಜ್ ಕಪೂರ್ 1944ರಲ್ಲಿ ತಮ್ಮ ನಾಟಕ ಕಂಪನಿ ಶುರು ಮಾಡಿದಾಗ ಅವರಿಗೆ ಸ್ವಂತ ಜಾಗ ಇರಲಿಲ್ಲ. ಒಪೇರಾ ಹೌಸಿನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಸಿನಿಮಾ. ಹಾಗಾಗಿ ಅವರು ಬೆಳಿಗ್ಗೆ ಆಡಿದರು. ನಾಟಕ ಮುಗಿದ ಮೇಲೆ ಜೋಳಿಗೆ ಹಿಡಿದು ಬಾಗಿಲಲ್ಲಿ ತಲೆಬಾಗಿ ನಿಲ್ಲುತ್ತಿದ್ದರು, ಜನ ಹೊರಗೆ ಹೋಗುತ್ತಾ ಒಳ್ಳೆಯ ಕೆಲಸಕ್ಕೆ ದುಡ್ಡು ಹಾಕುತ್ತಿದ್ದರು. ಅಷ್ಟು ದೊಡ್ಡ ಸ್ಟಾರ್ ಸಿನಿಮಾದವರ ಖಾಲಿ ಹೊತ್ತಿನಲ್ಲಿ ನಾಟಕ ಮಾಡಿಕೊಂಡರು ಅಂದಮೇಲೆ ನಮಗೇನು ನಾಚಿಕೆ?

ಮುಂದೆ ಟಿವಿ ಬಂತು, ವಿಡಿಯೊ ಬಂತು, ಜನ ಕಮ್ಮಿಯಾದರು. 1993ರಲ್ಲಿ ಬಾಗಿಲು ಮುಚ್ಚಿತು. ಮುಂಬೈ ಮಳೆಗೆ ಇಪ್ಪತ್ತು ಚಿಲ್ಲರೆ ವರ್ಷ ಮುಚ್ಚಿಟ್ಟ ಕಟ್ಟಡ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದೇ ಗಿರ್ಗಾಂವಿನಲ್ಲಿ ಬೇರೆ ಥಿಯೇಟರುಗಳ ಗತಿ ನೋಡಿ. 1913ರ ಮೇ 3ರಂದು ಫಾಲ್ಕೆಯವರ ಮೊದಲ ಚಿತ್ರ ಜನರಿಗೆ ತೆರೆದದ್ದು ಕೊರೊನೇಷನ್‌ನಲ್ಲಿ. ಅದು ಈಗಿಲ್ಲ. 1931ರ ಮಾರ್ಚ್ 14ರಂದು ನಮ್ಮ ದೇಶದ ಮೊದಲ ಮಾತಿನ ಚಿತ್ರ ಮೆಜೆಸ್ಟಿಕ್‌ನಲ್ಲಿ ಬಂತು. ಅದನ್ನು ಕೆಡವಿದ ಜಾಗದಲ್ಲಿ ಶಾಪಿಂಗ್ ಸೆಂಟರ್ ಇದೆ. ಒಪೇರಾ ಹೌಸಿಗೂ ಇದೇ ಗತಿ ಬರಬಹುದಿತ್ತು. ಬರಲಿಲ್ಲ, ಅದಕ್ಕೆ ಮಾಲೀಕರ ತಾಳ್ಮೆಯೇ ಮೊದಲ ಕಾರಣ. ಇಂಥ ಜಾಗದಲ್ಲಿ ಭೂಮಿಯ ಬೆಲೆ ಏನು ಎಂದು ತಿಳಿದವರಿಗೆ ಆ ತಾಳ್ಮೆ ಎಷ್ಟು ದುಬಾರಿ ಎಂದೂ ಗೊತ್ತು.

2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇದನ್ನು ಸೇರಿಸಿದರು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ದುರಸ್ತಿ ನಡೆಯಿತು. ಸುಣ್ಣ ಬಣ್ಣ ಹೊಡೆದು ಮುಗಿಸುವ ಕೆಲಸ ಅದಾಗಿರಲಿಲ್ಲ. ಸಿನಿಮಾಕ್ಕೆ ಅಂತ ಬದಲಾಯಿಸುವಾಗ ತೆಗೆದುಹಾಕಿದ್ದ ಬಾಕ್ಸುಗಳನ್ನು ಹಳೆಯ ಫೋಟೊ ನೋಡಿಕೊಂಡು ಮತ್ತೆ ಕಟ್ಟಿದರು. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು, 2017ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂತು. ಈಗ 575 ಸೀಟು. ಹವ್ಯಾಸಿ ನಾಟಕಕ್ಕೆ ಇದಕ್ಕಿಂತ ಸರಿಯಾದ ಅಳತೆ ಇನ್ನೊಂದಿಲ್ಲ. ಸಾವಿರ ಸೀಟಿನ ಹಾಲಿನಲ್ಲಿ ಮುನ್ನೂರು ಜನ ಕೂತರೆ ನಟನಿಗೆ ಹೊಟ್ಟೆ ಚುರ್ ಅನ್ನುತ್ತದೆ.

ಇಲ್ಲೇ ನನ್ನ ತಕರಾರು ಶುರು. ಕಟ್ಟಡ ಉಳಿಯಿತು, ಸಂತೋಷ. ಆದರೆ ಒಳಗೆ ಕೂರುವವರು ಬದಲಾದರು. ಮುಂದಿನ ಬೆಂಚಿನ ಜನ ವಾಪಸ್ಸು ಬರಲೇ ಇಲ್ಲ. ಇದಕ್ಕೆ ಮಾಲೀಕರನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಅದು ಖಾಸಗಿ ಆಸ್ತಿ. ಅಂಥ ಕಟ್ಟಡ ನಡೆಸುವುದಕ್ಕೆ ಖರ್ಚಿದೆ, ಅವರು ತಮ್ಮ ಬಾಡಿಗೆ ಕೇಳಿಯೇ ಕೇಳುತ್ತಾರೆ. ಹಾಗಾಗಿ ಅವರಿಗೆ ಆಜ್ಞೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಬಾಡಿಗೆಯ ವ್ಯತ್ಯಾಸವನ್ನು ನೀವು ಕೊಡಿ ಎನ್ನುತ್ತಿದ್ದೇನೆ. ಪರಂಪರೆಯ ಕಟ್ಟಡ ಅಂತ ಬೋರ್ಡು ಹಾಕಿ ಕೈತೊಳೆದುಕೊಂಡರೆ ಆಗಲಿಲ್ಲ. ಅದರೊಳಗೆ ಊರಿನ ಜನ ಕೂರುವ ಹಾಗೆ ಮಾಡುವುದೂ ನಿಮ್ಮ ಕೆಲಸವೇ. ನೀವು ಉತ್ಸವಗಳಿಗೆ ಪೆಂಡಾಲ್ ಹಾಕಿಸುವ ದುಡ್ಡಿನಲ್ಲಿ ಒಂದು ಚೂರು ಈ ಕಡೆ ತಿರುಗಿಸಿದರೂ ಸಾಕು.

"ನಿಮಗೆ ಮಾಟುಂಗಾ ಇದೆಯಲ್ಲ" ಎನ್ನುತ್ತೀರಿ. ಇದೆ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಇಂಥ ಸಂಸ್ಥೆಗಳು ಇಲ್ಲದಿದ್ದರೆ ಮುಂಬೈಯಲ್ಲಿ ಕನ್ನಡ ನಾಟಕವೇ ಇರುತ್ತಿರಲಿಲ್ಲ. ಆದರೆ ಅಲ್ಲಿ ಬರುವವರು ನಮ್ಮವರೇ, ಅದರಲ್ಲೂ ಅರ್ಧ ಜನ ಪಾತ್ರಧಾರಿಗಳ ನೆಂಟರು. ಪಕ್ಕದ ಮನೆಯ ಮರಾಠಿಯವರೋ ಗುಜರಾತಿಯವರೋ ನಮ್ಮ ನಾಟಕ ಒಮ್ಮೆಯೂ ನೋಡಿಲ್ಲ. ಉಪನಗರಗಳ ಹಾಲುಗಳ ಕತೆ ಬೇರೆ. ಹೆಸರು ಬೇಡ, ಒಂದು ಹಾಲಿನವರು ಮುಂಗಡ ತೆಗೆದುಕೊಂಡ ಮೇಲೂ, ಮದುವೆ ರಿಸೆಪ್ಶನ್ನಿಗೆ ಜಾಸ್ತಿ ಬಾಡಿಗೆ ಸಿಕ್ಕಿತು ಅಂತ ನಾಟಕಕ್ಕೆ ನಾಲ್ಕು ದಿನ ಇರುವಾಗ ನಮ್ಮನ್ನು ಹೊರಗೆ ಹಾಕಿದರು. ಸೆಟ್ಟು ಟೆಂಪೊದಲ್ಲಿ ಕಟ್ಟಿ ಆಗಿತ್ತು. ಡೊಂಬಿವಲಿಯ ಒಂದು ಶಾಲೆಯ ಹಾಲಿನಲ್ಲಿ, ಡೆಸ್ಕುಗಳನ್ನು ಜೋಡಿಸಿ ಅದರ ಮೇಲೆ ಆಡಿದೆವು. ರಾಜನ ಪಾತ್ರದವರು ಕಾಲಿಟ್ಟಾಗಲೆಲ್ಲ ಸಿಂಹಾಸನ ಅಲ್ಲಾಡುತ್ತಿತ್ತು, ಜನ ಅದಕ್ಕೇ ಜಾಸ್ತಿ ಚಪ್ಪಾಳೆ ಹೊಡೆದರು.

ಸಂಘದ ಪದಾಧಿಕಾರಿಗಳೇ, ಈಗ ನಿಮಗೆ ಎರಡು ಮಾತು. ಕೇಳಿದ್ದು ಸಿಕ್ಕಿದರೆ ದಯವಿಟ್ಟು ಅಲ್ಲಿ ಸನ್ಮಾನ ಇಟ್ಟುಕೊಳ್ಳಬೇಡಿ. ಮೂರು ಗಂಟೆಗೆ ಹಾಲ್ ಸಿಕ್ಕಿದರೆ ಒಂದೂವರೆ ಗಂಟೆ ದೀಪ ಹಚ್ಚುವುದು, ಪ್ರಾಸ್ತಾವಿಕ, ಶಾಲು, ಫಲಕ, ಫೋಟೊ. ಆಮೇಲೆ "ಸಮಯದ ಅಭಾವದಿಂದ" ನಾಟಕದ ಎರಡನೇ ಅಂಕ ಕತ್ತರಿ. ಇದು ನಮ್ಮಲ್ಲೇ ನಡೆಯುತ್ತದೆ, ಬೇರೆಯವರು ಮಾಡಿದ್ದಲ್ಲ. ವೇದಿಕೆಗೆ ಮೊಳೆ ಹೊಡೆಯುವುದು, ಗಾರೆಯ ಗೋಡೆಗೆ ಬ್ಯಾನರ್ ಅಂಟಿಸುವುದು, ಒಳಗೆ ಉಪ್ಪಿಟ್ಟಿನ ಪ್ಲೇಟು ಹಂಚುವುದು ಕೂಡ ಬೇಡ. ಕಟ್ಟಡದವರು ಹೆದರುವುದಕ್ಕೆ ಕಾರಣ ಇಲ್ಲದಿಲ್ಲ. ಕಾಫಿ-ತಿಂಡಿ ಹೊರಗೆ ಮಾಡೋಣ, ಗಿರ್ಗಾಂವಿನಲ್ಲಿ ಹೋಟೆಲಿಗೆ ಬರವೇ?

ಪಾಲಿಕೆಯವರಿಗೆ ಇನ್ನೊಂದು ಸಣ್ಣ ಕೆಲಸ. ಫುಟ್‌ಪಾತಿನಲ್ಲಿ ನಡೆಯುವವನಿಗೆ ಕಾಣುವ ಹಾಗೆ ಈ ಕಟ್ಟಡದ ಕತೆ ಹೇಳುವ ಒಂದು ಫಲಕ ಹಾಕಿಸಿ. ಅದರಲ್ಲಿ ದೊರೆಯ ಹೆಸರು ಹೇಗೂ ಇರುತ್ತದೆ. ಬಾಲಗಂಧರ್ವರದ್ದು, ಪೃಥ್ವಿರಾಜರ ಜೋಳಿಗೆಯದ್ದೂ ಇರಲಿ. ಹಾಗೆಯೇ ಬೋರಿಬಂದರ್, ಅಂದರೆ ಈಗಿನ ಸಿಎಸ್ಎಂಟಿ ಸ್ಟೇಷನ್ ಎದುರಿನ ಕ್ಯಾಪಿಟಲ್ ಥಿಯೇಟರ್ ಕಡೆಗೂ ಒಮ್ಮೆ ನೋಡಿ. 1879ರಲ್ಲಿ ಗೇಯ್ಟಿ ಅನ್ನುವ ಹೆಸರಲ್ಲಿ ನಾಟಕಕ್ಕೆಂದೇ ಕಟ್ಟಿದ್ದು ಅದು, ಸಿನಿಮಾ ಆದದ್ದು 1928ರಲ್ಲಿ. ಸಿನಿಮಾ ನಿಂತು ವರ್ಷಗಳಾದವು. ಎದುರಿನ ಸ್ಟೇಷನ್ ಕಟ್ಟಡ 2004ರಿಂದ ವಿಶ್ವ ಪರಂಪರೆಯ ತಾಣ, ಈಚೆ ಬದಿಯಲ್ಲಿ ಇದು ಹೀಗೆ. ಅದರ ಬಗ್ಗೆ ಬೇರೆ ಪತ್ರವೇ ಬರೆಯಬೇಕಾಗುತ್ತದೆ, ಇಲ್ಲಿ ಬಿಡುತ್ತೇನೆ.

ಮೊದಲ ಆಟ ಯಾವುದು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ತಯಾರಿದೆ. ನವೆಂಬರ್ 5, ಮರಾಠಿ ರಂಗಭೂಮಿ ದಿನ. ಉತ್ತರ ಕನ್ನಡದಿಂದ ಒಂದು ಮೇಳವನ್ನು ಕರೆಸೋಣ. ಗ್ರೀನ್ ರೂಮಿನಲ್ಲಿ ಚೌಕಿ ಹಾಕಲಿ, ಗಣಪತಿ ಪೂಜೆ ಅಲ್ಲೇ ಆಗಲಿ. ಬೆಳಿಗ್ಗೆ ಹತ್ತಕ್ಕೆ ಚೆಂಡೆ ಶುರು, ಸೀತೆಯ ಸ್ವಯಂವರದ್ದೇ ಪ್ರಸಂಗ, ಎರಡೂವರೆ ಗಂಟೆಯ ಒಳಗೆ ಮುಗಿಯುವ ಹಾಗೆ. ಮರಾಠಿ ತಂಡವೊಂದು ಅದೇ ಕತೆಯನ್ನು ಭಾವೆಯವರ ರೀತಿಯಲ್ಲಿ ಆಡುವುದಾದರೆ ಇನ್ನೂ ಒಳ್ಳೆಯದು, ಹಿಂದೆಮುಂದೆ ಇಡೋಣ. ಸ್ಟಾಲಿನ ಅರ್ಧ ಟಿಕೆಟ್ಟು ಹೋಟೆಲ್ ಕೆಲಸಗಾರರಿಗೂ ರಾತ್ರಿ ಶಾಲೆಯ ಮಕ್ಕಳಿಗೂ ಕಡಿಮೆ ದರದಲ್ಲಿ ಮೀಸಲಿರಲಿ, ಪಾಸ್ ಹಂಚುವುದು ಬೇಡ. ಪಾಸಿನವರು ಬರುವುದಿಲ್ಲ, ದುಡ್ಡು ಕೊಟ್ಟವರು ಬರುತ್ತಾರೆ.

ಮೇಳದವರ ತಿರುಗಾಟ ಶುರುವಾದ ಮೇಲೆ ಅವರ ದಿನ ಸಿಗುವುದು ಕಷ್ಟ. ಆದ್ದರಿಂದ ಖಾತೆಯವರು ಆಗಲಿ ಪಾಲಿಕೆಯವರು ಆಗಲಿ ಮಳೆಗಾಲ ಮುಗಿಯುವ ಮೊದಲು ಉತ್ತರ ಕೊಟ್ಟರೆ ಅನುಕೂಲ. ಸಂಘಗಳವರು ಒಪ್ಪಿಗೆ ಇದ್ದರೆ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದು, ಸೀಲು ಹೊಡೆದು, ಖಾತೆಗೆ ನೇರವಾಗಿ ಕಳಿಸಿ. ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿದರೆ ಕಚೇರಿಯಲ್ಲಿ ನಡೆಯುವುದಿಲ್ಲ.

ಇಂತಿ,
ಡೊಂಬಿವಲಿಯ ಒಬ್ಬ ಹವ್ಯಾಸಿ ನಟ